ಒಂದನೇ ಕ್ಲಾಸು ಯಾರ ಕೈಗೆ

ಒಂದನೇ ಕ್ಲಾಸು ನನ್ನದು. ಹೀಗೆಂದು ನಾನು ಎಲ್ಲೂ ಹೇಳಿಕೊಳ್ಳುತ್ತಿರಲಿಲ್ಲ, ಹರಿಹರದ ನಮ್ಮ ಕೇರಿಯ ಜನರೇ ಹೇಳುತ್ತಿದ್ದರು. ಮಗುವನ್ನು ಶಾಲೆಗೆ ಹಾಕುವ ದಿನ ತಾಯಂದಿರು ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಪುಟ್ಟಿಯಲ್ಲಿ ಮಂಡಕ್ಕಿ ಬೆಲ್ಲ ಹಿಡಿದುಕೊಂಡು ಬಂದು, "ಅಕ್ಕೋರೆ, ನಿಮ್ಮ ಕೈಲೇ ಹಿಡಿದು ಬರೆಸ್ರಿ" ಎನ್ನುತ್ತಿದ್ದರು. ಹೊಳೆಯಿಂದ ತರಿಸಿದ ಸಣ್ಣ ಮರಳನ್ನು ಹಲಗೆಯ ಮೇಲೆ ಹರಡಿ, ಮಗುವಿನ ಬೆರಳು ಹಿಡಿದು 'ಓಂ ನಮಃ ಶಿವಾಯ' ಬರೆಸುತ್ತಿದ್ದೆ. ಮುಸಲ್ಮಾನರ ಮಕ್ಕಳಿಗೆ ನೇರವಾಗಿ 'ಅ'. ಆಮೇಲೆ ಮಂಡಕ್ಕಿ ಇಡೀ ಕ್ಲಾಸಿಗೆ. ನನ್ನ ಕೈಗುಣ ಒಳ್ಳೆಯದು, ನಾನು ಬರೆಸಿದ ಮಕ್ಕಳು ನಪಾಸಾಗುವುದಿಲ್ಲ ಎಂದು ಜನ ನಂಬಿದ್ದರು. ನಪಾಸಾದವರೂ ಇದ್ದರು. ಅವರ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ, ನಾನೂ ಎತ್ತಲಿಲ್ಲ.

ಹೊಸ ಮೈಸೂರು ರಾಜ್ಯವಾಗಿ ನಾಲ್ಕೈದು ವರ್ಷ ಕಳೆದಿತ್ತು. ಊರಿಗೆ ಕಾರ್ಖಾನೆ ಬಂದಿತ್ತು, ಅದರ ಹಿಂದೆ ಹೊಳೆಯ ಆಚೆ ಈಚೆಯ ಜನವೆಲ್ಲ ಬಂದು ಬಾಡಿಗೆ ಮನೆ ಹಿಡಿದಿದ್ದರು. ಆ ಜೂನ್ ತಿಂಗಳಲ್ಲಿ ಶಾಲೆಯ ಬಾಗಿಲು ತೆರೆದಾಗ ಒಂದನೇ ಕ್ಲಾಸಿಗೆ ಬಂದ ಮಕ್ಕಳನ್ನು ಕಂಡು ನಮ್ಮ ಹೆಡ್‌ಮೇಷ್ಟ್ರು ತಲೆ ಮೇಲೆ ಕೈ ಇಟ್ಟುಕೊಂಡರು. ಸಾಲಾಗಿ ನಿಲ್ಲಿಸಿ, ಬಲಗೈಯನ್ನು ತಲೆಯ ಮೇಲಿಂದ ಹಾಕಿ ಎಡಗಿವಿ ಮುಟ್ಟಿಸಿ ನೋಡಿದೆವು. ಕಿವಿ ಮುಟ್ಟಿದರೆ ವಯಸ್ಸಾಗಿದೆ ಎಂದು ಲೆಕ್ಕ. ಮುಟ್ಟದ ಮಕ್ಕಳ ತಾಯಂದಿರು ಮಗುವಿನ ಕೈಯನ್ನು ಹಿಡಿದೆಳೆದು ಮುಟ್ಟಿಸಿಬಿಟ್ಟರು. ನನ್ನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದ ಹಾಗಾಯಿತು.

ಹೆಡ್‌ಮೇಷ್ಟ್ರು ನನ್ನನ್ನು ಕರೆದರು. "ಪಕ್ಕದ ಕೋಣೆಯ ಹಳೆ ಬೆಂಚು ತೆಗೆಸ್ತೀನಿ. ಎರಡು ಸೆಕ್ಷನ್ ಮಾಡಣ. ದಾವಣಗೆರೆಯಿಂದ ಒಬ್ಬಾಕಿ ಬರ್ತಾಳೆ, ಈಗ ತಾನೆ ಟ್ರೈನಿಂಗ್ ಮುಗಿಸಿದಾಳೆ. ಎಲ್ಲಾ ಹೊಸದು ಆಕಿಗೆ. ನೀವೇ ಸ್ವಲ್ಪ ಕೈ ಹಿಡಿದು ನಡೆಸ್ರಿ."

"ಆಗಲಿ ಸರ್" ಎಂದೆ.

"ಇನ್ನೊಂದು ಮಾತು. ಈ ಮಕ್ಕಳು ಜೂನ್ ಮುಗಿಯೋದ್ರೊಳಗೆ ಅರ್ಧ ಉದುರಿ ಹೋಗ್ತಾವೆ, ನಿಮಗೂ ಗೊತ್ತೈತೆ. ಆಮೇಲೆ ಒಂದನೇ ಕ್ಲಾಸಿಗೆ ಒಬ್ಬರು ಸಾಕು. ಯಾರ ಹತ್ರ ಮಕ್ಕಳು ನಿಲ್ತಾವೋ ಅವರಿಗೇ ಒಂದನೇ ಕ್ಲಾಸು. ಇನ್ನೊಬ್ಬರು ಮೂರನೇದಕ್ಕೆ."

ನಾನು ನಕ್ಕೆ. ಯಾರ ಹತ್ತಿರ ನಿಲ್ಲುತ್ತವೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಆಕೆ ಬೆಳಗಿನ ಪ್ಯಾಸೆಂಜರಿಗೆ ಬಂದಳು. ಸ್ಟೇಷನ್ನಿನಿಂದ ನಡೆದು ಬಂದು, ಗಂಜಿ ಹಾಕಿದ ಸೀರೆಯ ಅಂಚನ್ನು ಸರಿಮಾಡಿಕೊಂಡು ನನಗೆ ನಮಸ್ಕಾರ ಮಾಡಿದಳು. ತಂದೆ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ನೇಯುವ ಕೆಲಸದವರಂತೆ. ದನಿ ಎಷ್ಟು ಸಣ್ಣದೆಂದರೆ, ಇವಳು ಒಂದನೇ ಕ್ಲಾಸನ್ನು ಹೇಗೆ ಸಂಭಾಳಿಸುತ್ತಾಳೆ ಎಂದು ನನಗೆ ಒಳಗೊಳಗೇ ಸಂತೋಷವಾಯಿತು. ಆ ಸಂತೋಷ ಮಧ್ಯಾಹ್ನದವರೆಗೂ ಉಳಿಯಲಿಲ್ಲ. ಊಟದ ಬೆಲ್ಲು ಹೊಡೆಯುವಷ್ಟರಲ್ಲಿ ಮಕ್ಕಳು ಆಕೆಯನ್ನು 'ಅಕ್ಕೋರು' ಎನ್ನತೊಡಗಿದ್ದವು, ನನ್ನನ್ನು 'ದೊಡ್ಡಕ್ಕೋರು' ಎನ್ನತೊಡಗಿದ್ದವು. ನನಗಿನ್ನೂ ತಲೆಯಲ್ಲಿ ಒಂದು ಬಿಳಿ ಕೂದಲು ಇರಲಿಲ್ಲ.

ಹೇಳಿಕೊಡು ಅಂದಿದ್ದರಲ್ಲ, ಹೇಳಿಕೊಟ್ಟೆ. ಹೊಸ ಮಗುವನ್ನು ತಾಯಿಯ ಕಂಕುಳಿಂದ ಬಿಡಿಸಿಕೊಳ್ಳುವಾಗ ಮಗುವಿನ ಮುಖ ತಾಯಿಯ ಕಡೆಗೆ ಇರಬಾರದು. ಒಳಗೆ ತಂದ ಕೂಡಲೇ ಬಾಗಿಲು ಹಾಕಬೇಕು. ಅಳುವ ಇಬ್ಬರ ನಡುವೆ ಎರಡನೇ ಕ್ಲಾಸಿನ ಒಂದು ಗಟ್ಟಿ ಹುಡುಗಿಯನ್ನು ಕೂರಿಸಬೇಕು. ಆಮೇಲೆ ಎಲ್ಲರಿಂದಲೂ ಗಟ್ಟಿಯಾಗಿ ಪದ್ಯ ಹೇಳಿಸಬೇಕು, ಆ ಗದ್ದಲದಲ್ಲಿ ಅಳುವವರಿಗೆ ತಮ್ಮ ಅಳುವೇ ಕೇಳಿಸದೆ ಸುಮ್ಮನಾಗುತ್ತಾರೆ. ಮೊದಲ ದಿನದಿಂದಲೇ ಮರಳಿನ ಮೇಲೆ ತಿದ್ದಿಸಬೇಕು. ಕೈಗೆ ಕೆಲಸ ಸಿಕ್ಕರೆ ಕಣ್ಣು ಒಣಗುತ್ತದೆ.

ಆಕೆ ಎಲ್ಲಕ್ಕೂ ತಲೆಯಾಡಿಸಿದಳು. ಮಾಡಿದ್ದು ಮಾತ್ರ ಬೇರೆ.

"ತಾಯಂದಿರು ಒಳಗೇ ಇರ್ಲಿ ಬಿಡ್ರಿ ಅಕ್ಕ" ಎಂದಳು. ಕೋಣೆಯ ನಡುವೆ ದೊಡ್ಡ ಚಾಪೆ ಹಾಸಿ ತಾಯಂದಿರನ್ನು ಕೂರಿಸಿದಳು. ಅವರು ಅಕ್ಕಿ ಆರಿಸುತ್ತ, ಬತ್ತಿ ಹೊಸೆಯುತ್ತ ಮಾತಿಗೆ ಕೂತರು. ಮಕ್ಕಳಿಗೆ ಹುಣಸೆಬೀಜ, ಹೊಳೆಯ ಕಲ್ಲು. ಬಣ್ಣ ನೋಡಿ ಬೇರೆ ಮಾಡುವುದು, ಸಾಲು ಹಚ್ಚುವುದು, ಹಾಡುವುದು. ಅಕ್ಷರದ ಮಾತೇ ಇಲ್ಲ. ಮರುದಿನ ಚಾಪೆ ಸ್ವಲ್ಪ ಬಾಗಿಲ ಕಡೆ ಸರಿಯಿತು. ಅದರ ಮರುದಿನ ಹೊಸ್ತಿಲ ಹತ್ತಿರ ಬಂತು. ಆಮೇಲೆ ವರಾಂಡಕ್ಕೆ, ಅಲ್ಲಿಂದ ಅಂಗಳದ ಬೇವಿನ ಮರದ ಕೆಳಗೆ, ಕೊನೆಗೆ ಗೇಟಿನ ಹತ್ತಿರಕ್ಕೆ. ಒಂದು ದಿನ ಚಾಪೆ ಸುತ್ತಿ ಗೋಡೆಗೆ ಒರಗಿಸಿಟ್ಟಳು. ತಾಯಂದಿರು ಮನೆಗೆ ಹೋದರು, ಮಕ್ಕಳು ತಲೆ ಎತ್ತಿ ಕೂಡ ನೋಡಲಿಲ್ಲ.

ನನ್ನ ಕೋಣೆಯ ಬಾಗಿಲು ಮೊದಲ ದಿನವೇ ಮುಚ್ಚಿತ್ತು. ಮೂರನೆಯ ದಿನ ಎರಡು ಮಕ್ಕಳು ಕಿಟಕಿಯಿಂದ ಹಾರಿ ಮನೆಗೆ ಓಡಿದವು.

"ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ" ಎಂದು ಮನೆಯಲ್ಲಿ ಗೊಣಗಿದೆ. ನಮ್ಮ ಮನೆಯವರು ಕಾರ್ಖಾನೆಯಲ್ಲಿ ಫಿಟ್ಟರು, ಬೂಟು ಬಿಚ್ಚುತ್ತಿದ್ದರು. ಅಲ್ಲಿಂದಲೇ, "ಕುಣಿಯೋಕೆ ಬಾರದಾಕಿ ನೆಲ ಡೊಂಕು ಅಂದ್ಲಂತೆ" ಎಂದರು. ಆ ರಾತ್ರಿ ಅವರ ತಟ್ಟೆಗೆ ರೊಟ್ಟಿಯನ್ನು ಎಸೆದೇ ಬಡಿಸಿದೆ.

ನನ್ನ ಮಗಳನ್ನೂ ಅದೇ ವರ್ಷ ಶಾಲೆಗೆ ಹಾಕಿದ್ದೆ. ಊರ ಮಕ್ಕಳ ಬೆರಳನ್ನೆಲ್ಲ ಹಿಡಿದವಳು ಸ್ವಂತ ಮಗಳ ಬೆರಳು ಹಿಡಿದು ಬರೆಸಬೇಕೆಂದು ಎಷ್ಟೋ ದಿನದಿಂದ ಕಾದಿದ್ದೆ. ಒಳ್ಳೆಯ ಸೋಮವಾರ ನೋಡಿ ಮಾಡೋಣ ಎಂದು ಶಾಸ್ತ್ರವನ್ನು ಉಳಿಸಿಕೊಂಡಿದ್ದೆ. ಆದರೆ ನನ್ನ ಕ್ಲಾಸಿನಲ್ಲಿ ಅವಳು ಮಗಳಾಗಿಯೇ ಇದ್ದಳು. "ಅಕ್ಕೋರೆ ಅನ್ನು" ಎಂದರೆ "ಅವ್ವಾ" ಎಂದು ರಾಗ ಎಳೆಯುವಳು. ಪದ್ಯ ಹೇಳುವಾಗ ಸೆರಗು ಹಿಡಿದು ಜಗ್ಗುವಳು, ನೀರು ಬೇಕು ಎನ್ನುವಳು, ಮನೆಗೆ ಹೋಗೋಣ ಎನ್ನುವಳು. ಒಂದು ದಿನ ಹಾಜರಿ ಕೂಗುವಾಗ ನೋಡುತ್ತೇನೆ, ಅವಳ ಜಾಗ ಖಾಲಿ. ಪಕ್ಕದ ಕೋಣೆಗೆ ಇಣುಕಿದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಹುಣಸೆಬೀಜ ಜೋಡಿಸುತ್ತಿದ್ದಳು. ಹೊಸಬಳು ಅವಳ ಪಕ್ಕ ಕೂತು ಏನೋ ಹೇಳಿದಳು, ನನ್ನ ಮಗಳು ಹಲ್ಲು ಬಿಟ್ಟು ನಕ್ಕಳು. ಹೊಟ್ಟೆ ಉರಿಯಿತು. ಅದಕ್ಕೆ ಬೇರೆ ಮಾತಿಲ್ಲ.

"ಇರ್ಲಿ ಬಿಡ್ರಿ ಅಕ್ಕ, ತಾನೇ ಬಂದೈತೆ ಕೂಸು" ಎಂದಳು ಆಕೆ.

"ತಾನೇ ಬಂದದ್ದು ತಾನೇ ಹೋಗ್ತೈತೆ" ಎಂದು ಮಗಳ ರಟ್ಟೆ ಹಿಡಿದು ಎಳೆದುಕೊಂಡು ಬಂದೆ. ಮಧ್ಯಾಹ್ನ ಅವಳು ಮತ್ತೆ ಅಲ್ಲಿಯೇ ಇದ್ದಳು.

ಒಂದು ಸಂಗತಿ ಮಾತ್ರ ನನಗೆ ಬಿಡಿಸಲಾಗದೆ ಕಾಡುತ್ತಿತ್ತು. ಅವಳ ಬೋರ್ಡಿನ ಮೇಲೆ ಪ್ರತಿದಿನ ಬೆಳಿಗ್ಗೆ ನಾವೆಲ್ಲ ಬರುವ ಮೊದಲೇ ಚಿತ್ರ, ಹೆಸರು ಬರೆದಿರುತ್ತಿತ್ತು. ಕುಂಬಳಕಾಯಿ, ಗಡಿಗೆ, ಬಸವ. ಅಕ್ಷರಗಳು ಅಚ್ಚು ಹಾಕಿದ ಹಾಗೆ ಗುಂಡಗೆ. ಆದರೆ ಆಕೆ ಬರೆಯುವುದನ್ನು ನಾನಾಗಲಿ ಬೇರೆ ಮೇಷ್ಟ್ರಾಗಲಿ ನೋಡಿರಲಿಲ್ಲ. ನನ್ನ ಬೋರ್ಡಿನ ಮೇಲೊಂದು ಸುಭಾಷಿತ ಬರೆದುಕೊಡು ಎಂದು ಕೇಳಿದರೆ, "ನಾಳೆ ಮುಂಜಾನೆ ಬಂದು ಬರೀತೀನಿ ಅಕ್ಕ" ಎಂದು ಜಾರಿಕೊಂಡಳು. ಜಂಬ ಎಂದುಕೊಂಡೆ. ಮಕ್ಕಳಿಗೆ ಅಕ್ಷರದ ಶಾಸ್ತ್ರ ಯಾವಾಗ ಎಂದು ಕೇಳಿದರೆ, "ಕೈ ಹದಕ್ಕೆ ಬರ್ಲಿ, ತಿಂಗಳು ಕಳೀಲಿ" ಎನ್ನುವಳು. ಮಂಡಕ್ಕಿ ಹಂಚದೆ ಯಾರಾದರೂ ಒಂದನೇ ಕ್ಲಾಸು ನಡೆಸುತ್ತಾರೆಯೇ ಎಂದು ನಾನು ಸಿಕ್ಕಸಿಕ್ಕವರ ಮುಂದೆ ಮೂಗು ಮುರಿದೆ.

ತಾಯಂದಿರಿಗೂ ತಡೆಯಲಾಗಲಿಲ್ಲ. ಹೆಡ್‌ಮೇಷ್ಟ್ರ ಹತ್ತಿರ ಹೋಗಿ, ಶಾಸ್ತ್ರ ಮಾಡಿಸಿ ಎಂದು ಕೂತರು. ಅವರು ಮುಂದಿನ ಸೋಮವಾರ ಗೊತ್ತುಮಾಡಿ, ಯಾರ ಕೈಯಿಂದ ಬೇಕೋ ಅವರ ಕೈಯಿಂದ ಬರೆಸಿಕೊಳ್ಳಿ ಎಂದುಬಿಟ್ಟರು. ಹೊಸಬಳು ಹೆಡ್‌ಮೇಷ್ಟ್ರ ಕೋಣೆಗೆ ಹೋಗಿ ಏನೋ ಬೇಡಿಕೊಂಡು, ಮುಖ ಸಣ್ಣಗೆ ಮಾಡಿಕೊಂಡು ಹೊರಗೆ ಬಂದದ್ದನ್ನು ಕಂಡೆ. ಏಕೆಂದು ಕೇಳಲಿಲ್ಲ.

ಸೋಮವಾರ ಅಂಗಳದಲ್ಲಿ ಎರಡು ಹಲಗೆ, ಎರಡು ಕಡೆ ಮರಳು. ನಾನು ಬೇವಿನ ಮರದ ಈ ಪಕ್ಕ, ಆಕೆ ಆ ಪಕ್ಕ. ಜನ ಬಂದರು, ತಟ್ಟೆಗಳು ಬಂದವು, ಸಾಲು ಬೆಳೆಯಿತು. ನನ್ನ ಮುಂದಲ್ಲ. ಅಷ್ಟು ದಿನ ಅವಳ ಕೋಣೆಯಲ್ಲಿ ಅಕ್ಕಿ ಆರಿಸಿದ ತಾಯಂದಿರೆಲ್ಲ ಅವಳ ಮುಂದೆ ನಿಂತಿದ್ದರು. ನನ್ನ ಮುಂದೆ ನಾಲ್ಕಾರು ಜನ, ಅವರೂ ಆ ಸಾಲನ್ನು ನೋಡುತ್ತ ನಿಂತಿದ್ದರು. ಆ ಕಡೆಯ ಸಾಲಿನ ತುದಿಗೆ ಕೊಕ್ಕನೂರಿನ ಅಜ್ಜಿ ಇದ್ದಳು. ಕಾರ್ಖಾನೆಗೆ ಸೇರಿದ ಮಗನ ಮನೆಗೆ ಊರಿನಿಂದ ಬಂದು ಉಳಿದ ಒಕ್ಕಲುತನದ ಮುದುಕಿ, ಬಾಯಿ ಜೋರು. ಅವಳ ಮಾತೆಂದರೆ ಕೇರಿಯ ಹೆಂಗಸರಿಗೆಲ್ಲ ವೇದವಾಕ್ಯ. ಅವಳ ಹಿರಿಯ ಮೊಮ್ಮಗನಿಗೆ ಬರೆಸಿದವಳು ನಾನು.

ನನಗೆ ತಡೆಯಲಾಗಲಿಲ್ಲ. "ಏನಜ್ಜಿ, ಕಣ್ಣು ಸರಿಯಾಗಿ ಕಾಣಲ್ಲೇನು? ನನ್ನ ಸಾಲು ಈ ಕಡೆ ಐತೆ" ಎಂದೆ.

"ಕಾಣ್ತೈತೆ ತಾಯಿ. ಏನು ಮಾಡ್ಲಿ, ಮೊಮ್ಮಗಳು ಆಕಿನ್ನ ಬಿಟ್ಟು ಬರಲ್ಲ ಅಂತಾಳೆ" ಎಂದಳು ಅಜ್ಜಿ, ಸಂಕೋಚವೂ ಇಲ್ಲದೆ.

ಮೊದಲು ಕೂತದ್ದೇ ಅವಳ ಮೊಮ್ಮಗಳು, ಅಜ್ಜಿ ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದಿದ್ದಳು. ಹೊಸಬಳು ಮಗುವಿನ ಹಿಂದೆ ಕೂತು, ಬಲಗೈಯಿಂದ ಅದರ ಬೆರಳು ಹಿಡಿದಳು. 'ಓ' ಬರೆಯುವಾಗ ಸುತ್ತು ಕೂಡಲಿಲ್ಲ, ಗೆರೆ ಮರಳಿನಿಂದ ಹೊರಗೆ ಹೋಯಿತು. ಅಳಿಸಿ ಮತ್ತೆ ಹಿಡಿದಳು. ಎರಡನೆಯ ಸಲ ಇನ್ನೂ ಕೆಟ್ಟದಾಯಿತು.

"ಇದೇನು ತಾಯಿ, ಓಂಕಾರ ಹಿಂಗ್ಯಾಕ ಬಂತು?" ಎಂದಳು ಅಜ್ಜಿ.

ಮೊಮ್ಮಗಳು ತಲೆ ಎತ್ತಿ ಹೇಳಿತು, "ಆ ಕೈಲಿ ಬರೆಸ್ರಿ ಅಕ್ಕೋರೆ. ಅವ್ವಂದಿರು ಇಲ್ಲದಾಗ ಆ ಕೈಲಿ ಬರೀತೀರಲ್ಲ, ಹಂಗೆ. ಚಂದ ಬರ್ತೈತೆ."

ಮಕ್ಕಳಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರು ನಾವು ದೊಡ್ಡವರು. ಆಕೆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, "ಹೌದಜ್ಜಿ. ನನ್ನದು ಎಡಗೈ" ಎಂದಳು.

ಎಡಗೈಯಲ್ಲಿ ಯಾರಿಗಾದರೂ ಎಲೆ ಅಡಿಕೆ ಕೊಟ್ಟರೆ ಇಸಿದುಕೊಳ್ಳದ ಜನ ನಾವು. ವಿದ್ಯೆಯ ಮೊದಲ ಅಕ್ಷರವನ್ನು ಆ ಕೈಯಿಂದ ಇಸಿದುಕೊಳ್ಳುತ್ತಾರೆಯೇ? ಅಜ್ಜಿ ಬೈಯಲಿಲ್ಲ, ಕೂಗಲಿಲ್ಲ. ತಟ್ಟೆ ಎತ್ತಿಕೊಂಡಳು, ಅಳುವ ಮೊಮ್ಮಗಳನ್ನು ಕಂಕುಳಲ್ಲಿ ಇರುಕಿಕೊಂಡಳು, ನೇರ ಬಂದು ನನ್ನ ಹಲಗೆಯ ಮುಂದೆ ಕೂತಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಆ ಕಡೆಯ ಸಾಲು ಈ ಕಡೆಗೆ ಬಂತು.

ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು. ಮಧ್ಯಾಹ್ನದವರೆಗೆ ಒಂದೇ ಸಮನೆ ಬರೆಸಿದೆ. ಉಗುರಿನ ಸಂದಿಗೆ ಮರಳು ಸೇರಿ ಉರಿಯುತ್ತಿತ್ತು, ಆ ಉರಿಯೂ ಹಿತವಾಗಿತ್ತು. ಬರೆಸಿ ಮುಗಿದ ಮೇಲೆ ಕೊನೆಗೆ ನನ್ನ ಮಗಳನ್ನು ಕರೆದೆ. ಅವಳು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಳು. "ನಿನ್ನ ಹತ್ರ ಬ್ಯಾಡ. ಆ ಅಕ್ಕೋರ ಹತ್ರ" ಎಂದಳು. ಗದರಿದೆ, ಬೆಲ್ಲ ಕೊಟ್ಟೆ, ಮತ್ತೆ ಗದರಿದೆ. ಕೈ ಮುಂದೆ ಬರಲಿಲ್ಲ. ಜನ ನೋಡುತ್ತಿದ್ದರೆಂದು ಸುಮ್ಮನಾದೆ.

ಮರುದಿನದಿಂದ ಎಲ್ಲ ಮಕ್ಕಳೂ ನನ್ನ ಕೋಣೆಯಲ್ಲಿ. ತಾಯಂದಿರು ಹಟ ಹಿಡಿದಿದ್ದರು, ಹೆಡ್‌ಮೇಷ್ಟ್ರು ಒಪ್ಪಿದ್ದರು. ಪಕ್ಕದ ಕೋಣೆಯಲ್ಲಿ ಆಕೆ ಒಬ್ಬಳೇ ಕೂತು ನಮ್ಮ ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುತ್ತಿದ್ದಳು. ನನ್ನ ಕ್ಲಾಸು ಮಾತ್ರ ಕ್ಲಾಸಿನ ಹಾಗಿರಲಿಲ್ಲ. ಅಳುವ ಮಗುವಿಗೆ ನನ್ನ ಹತ್ತಿರ ಉಪಾಯವಿತ್ತು. ಅವಳ ಮಕ್ಕಳು ಅಳುತ್ತಿರಲಿಲ್ಲ, ಬಾಯಿಯನ್ನೇ ಬಿಡುತ್ತಿರಲಿಲ್ಲ. ಪದ್ಯ ಹೇಳಿಸಿದರೆ ತುಟಿ ಬಿಗಿದು ಗೋಡೆ ನೋಡುವರು. ಆ ಗೋಡೆಯ ಆಚೆ ಅವಳಿದ್ದಳು. ಕೊಕ್ಕನೂರಿನ ಅಜ್ಜಿಯ ಮೊಮ್ಮಗಳು ದಿನಾ ಬೆಳಿಗ್ಗೆ ಸ್ಲೇಟು ಹಿಡಿದುಕೊಂಡು ಬಂದು ಆ ಕೋಣೆಯ ಹೊಸ್ತಿಲ ಮೇಲೆ ಕೂರುತ್ತಿತ್ತು, ಎತ್ತಿ ತರಬೇಕಾಗುತ್ತಿತ್ತು. ಮಾನ ಬಿಟ್ಟು ನಾನೂ ಚಾಪೆ ಹಾಸಿದೆ. ತಾಯಂದಿರು ಬಂದರೆ ತಾನೆ? "ಅಷ್ಟು ದಿನ ಕೂತಿದ್ವಲ್ಲ ಅಕ್ಕೋರೆ, ಮನೆ ಕೆಲಸ ಯಾರು ಮಾಡ್ತಾರೆ" ಎಂದರು. ಮಕ್ಕಳು ಒಂದೊಂದಾಗಿ ಉದುರತೊಡಗಿದವು. ನನ್ನ ಕೈಗುಣ ಆಗತಾನೆ ಬಿದ್ದ ಮಕ್ಕಳೇ ಮೊದಲು ಉದುರಿದವು.

ಹೆಡ್‌ಮೇಷ್ಟ್ರು ಕರೆದು ಹೇಳಿದರು, "ಆಕಿನ್ನ ಆಫೀಸಿಗೆ ವಾಪಸ್ ಕಳಿಸ್ತೀನಿ ಅಂತ ಬರ್ದೀನಿ. ಜನಾನೇ ಒಪ್ಪದಿದ್ರೆ ನಾನೇನು ಮಾಡ್ಲಿ? ಮಾಯಕೊಂಡದ ಆಚೆ ಯಾವುದೋ ಸಣ್ಣ ಹಳ್ಳಿಗೆ ಮೇಷ್ಟ್ರು ಬೇಕಂತೆ, ಅಲ್ಲಿಗೆ ಹಾಕ್ತಾರೆ. ಒಂದನೇ ಕ್ಲಾಸು ನಿಮ್ಮದೇ ಬಿಡ್ರಿ ಇನ್ನು."

ಬೇಕಾಗಿದ್ದುದು ಅದೇ. ಆದರೂ ಹೊರಗೆ ಬಂದಾಗ, ಹಾಳೂರಿಗೆ ಉಳಿದವನೇ ಗೌಡ ಎಂಬ ಮಾತು ನೆನಪಾಗಿ ಬಾಯೆಲ್ಲ ಕಹಿಯಾಯಿತು. ಅದರ ಮೇಲೆ ಅದೇ ಸಂಜೆ ನಲ್ಲಿಯ ಹತ್ತಿರ ಇನ್ನೊಂದು ಮಾತು ಕಿವಿಗೆ ಬಿತ್ತು. 'ಆ ಕೈಲಿ ಬರೆಸ್ರಿ' ಎಂದು ಹೇಳು ಅಂತ ಅಜ್ಜಿಯ ಮೊಮ್ಮಗಳಿಗೆ ದೊಡ್ಡಕ್ಕೋರೇ ಹೇಳಿಕೊಟ್ಟಿದ್ದರಂತೆ. ಕೊಡ ಅಲ್ಲೇ ಕುಕ್ಕಿ, "ಯಾವಳು ಹಂಗಂದಾಕಿ?" ಎಂದು ಕೇಳಿದೆ. ಹೆಂಗಸರು ತಂತಮ್ಮ ಕೊಡ ಎತ್ತಿಕೊಂಡು ನಡೆದರು. ನನಗೆ ಆಕೆಯನ್ನು ಕಂಡರೆ ಆಗುತ್ತಿರಲಿಲ್ಲ ಎಂಬುದು ನಿಜ. ಆದರೆ ಅವಳನ್ನು ಹಾಗೆ ಗೆಲ್ಲುವ ದರಿದ್ರ ನನಗೆ ಬಂದಿರಲಿಲ್ಲ. ನಾನು ಗೆಲ್ಲಬೇಕೆಂದಿದ್ದು ಪಾಠದಲ್ಲಿ. ಈಗ ಆಕೆ ಮಾಯಕೊಂಡದ ಆಚೆಗೆ ಹೋದರೆ, ಗೆದ್ದೆನೋ ಸೋತೆನೋ ಎಂದು ಸಾಯುವವರೆಗೂ ನನಗೆ ಗೊತ್ತಾಗುವುದಿಲ್ಲ. ಊರವರು ಮಾತ್ರ, ಆ ಸಣ್ಣಕ್ಕೋರು ಇದ್ದಿದ್ದರೆ ಎಂದು ಅನ್ನುತ್ತಲೇ ಇರುತ್ತಾರೆ. ಎದುರಿಗಿರುವವರ ಮೇಲೆ ಹೊಟ್ಟೆಕಿಚ್ಚು ಪಡಬಹುದು, ಹೋದವರ ಮೇಲೆ ಪಟ್ಟರೆ ಅದು ಮುಗಿಯುವುದೇ ಇಲ್ಲ.

ಮರುದಿನ ಶಾಲೆ ಬಿಟ್ಟ ಮೇಲೆ ಪಕ್ಕದ ಕೋಣೆಗೆ ಹೋದೆ. ಆಕೆ ಹುಣಸೆಬೀಜಗಳನ್ನು ಬಟ್ಟೆಯ ಚೀಲಕ್ಕೆ ತುಂಬುತ್ತಿದ್ದಳು. ಸಂಜೆಯ ಗಾಡಿಗೆ ಇನ್ನೂ ಹೊತ್ತಿತ್ತು. ಮಕ್ಕಳು ಕೂರುವ ಕಡೆ ನೆಲದ ಮೇಲೆ ಕೂತು, "ಬೋರ್ಡಿನ ಮೇಲೆ ಬರಿ. ನಾನು ನೋಡಬೇಕು" ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು 'ಗಡಿಗೆ' ಎಂದು ಬರೆದಳು.

ಅಲ್ಲಿ ಕೂತಾಗ ಕಂಡಿತು. ನಾನು ಬೋರ್ಡಿನ ಮೇಲೆ ಬರೆಯುವಾಗ ನನ್ನ ಮೈ ಅಕ್ಷರದ ಎಡಕ್ಕಿರುತ್ತದೆ, ಬರೆದದ್ದನ್ನೆಲ್ಲ ನನ್ನ ಬೆನ್ನು ಮುಚ್ಚಿಕೊಂಡಿರುತ್ತದೆ. ಬರೆದು ಸರಿದ ಮೇಲೆಯೇ ಮಕ್ಕಳಿಗೆ ಅಕ್ಷರ ಕಾಣುವುದು, ಅದು ಹೇಗೆ ಹುಟ್ಟಿತೆಂಬುದು ಕಾಣುವುದಿಲ್ಲ. ಅವಳ ಮೈ ಬಲಕ್ಕಿತ್ತು, ಇನ್ನೂ ಬರೆಯದ ಖಾಲಿ ಜಾಗದ ಮುಂದೆ. 'ಗ' ಎಲ್ಲಿ ಶುರುವಾಯಿತು, ಎಲ್ಲಿ ಬಾಗಿತು, ತಲೆಕಟ್ಟು ಯಾವಾಗ ಬಂತು ಎಲ್ಲವೂ ಕಣ್ಣ ಮುಂದೆಯೇ ನಡೆಯಿತು. ಇಷ್ಟು ವರ್ಷ ಒಂದನೇ ಕ್ಲಾಸು ನಡೆಸಿದವಳಿಗೆ ಮಕ್ಕಳ ಜಾಗದಲ್ಲಿ ಕೂತು ನನ್ನ ಬೆನ್ನನ್ನು ನೋಡುವ ಸಂದರ್ಭ ಬಂದಿರಲಿಲ್ಲ. ಅವಳ ಆ ಕೈಯನ್ನು ನೋಡಿ ಮತ್ತೆ ಉರಿಯಿತು, ಮೊದಲಿಗಿಂತ ಹೆಚ್ಚಾಗಿ.

"ಯಾಕ ಮುಚ್ಚಿಟ್ಟಿದ್ದೆ?"

"ಹೇಳಿದ್ರೆ ಮೊದಲನೇ ದಿನಾನೇ ಕಳಿಸ್ತಿದ್ರಲ್ಲ ಅಕ್ಕ. ಬಲಗೈಲಿ ಬರೆದ್ರೆ ನನ್ನ ಅಕ್ಷರ ನನಗೇ ಓದೋಕೆ ಬರಲ್ಲ. ಅದಕ್ಕೇ ಮೊದಲನೇ ಗಾಡಿಗೆ ಬಂದು ಬೋರ್ಡ್ ಬರೀತಿದ್ದೆ."

"ನಿನ್ನನ್ನ ಕಂಡ್ರೆ ನನಗೆ ಆಗಲ್ಲ, ಗೊತ್ತೇನು?"

"ಗೊತ್ತು ಅಕ್ಕ" ಎಂದಳು, ಚೀಲದ ಬಾಯಿ ಕಟ್ಟುತ್ತ. ಸಿಟ್ಟಿನಿಂದ ಅನ್ನಲಿಲ್ಲ, ಗಾಡಿಯ ಹೊತ್ತು ಕೇಳಿದವರಿಗೆ ಹೇಳುವ ಹಾಗೆ ಹೇಳಿದಳು.

"ಸೋಮವಾರದ ತನಕ ಎಲ್ಲಿಗೂ ಹೋಗಬ್ಯಾಡ" ಎಂದು ಎದ್ದು ಬಂದೆ.

ಹೆಡ್‌ಮೇಷ್ಟ್ರಿಗೆ ಮೊದಲೇ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆಫೀಸಿಗೆ ಬರೆದದ್ದನ್ನ ಹಿಂದಕ್ಕೆ ತಗೋಬಹುದು, ಆದ್ರೆ ಯೋಚನೆ ಮಾಡ್ರಿ. ನಿಮ್ಮ ಮಗಳನ್ನೇ ಆಕಿ ಕೈಲಿ ಬರೆಸಿದ್ರೆ, ಇನ್ನು ಮುಂದೆ ಜನ ತಟ್ಟೆ ಹಿಡಕೊಂಡು ನಿಮ್ಮ ಹತ್ರ ಬರಲ್ಲ. ಮಕ್ಕಳು ಆಕಿ ಹತ್ರ ನಿಂತ್ರೆ ಒಂದನೇ ಕ್ಲಾಸು ಆಕಿಗೇ ಕೊಡಬೇಕಾಗ್ತೈತೆ. ನಾನು ಹೇಳಿದ ಮಾತು, ತಿರುಗಿಸೋಕೆ ಬರಲ್ಲ."

"ಗೊತ್ತೈತೆ ಸರ್."

"ಮತ್ಯಾಕ?"

"ನನ್ನ ಮಗಳು ಇನ್ನೊಂದು ಕೈಗೆ ಬೆರಳು ಕೊಡಲ್ಲ ಅಂತಾಳೆ" ಎಂದೆ. ಅದೂ ನಿಜವೇ. ಉಳಿದದ್ದನ್ನು ಹೇಳಿದ್ದರೆ ಅವರಿಗೆ ಅರ್ಥವಾಗುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ, ತಾಯಂದಿರು ಮಕ್ಕಳನ್ನು ಬಿಡಲು ಬರುವ ಹೊತ್ತಿಗೆ ಸರಿಯಾಗಿ, ರೇಷ್ಮೆ ಸೀರೆ ಉಟ್ಟು ಗೇಟಿನಿಂದ ಒಳಗೆ ಬಂದೆ. ಕೈಯಲ್ಲಿ ತಟ್ಟೆ. ನಮ್ಮ ಮನೆಯವರ ತಲೆಯ ಮೇಲೆ ಮಂಡಕ್ಕಿ ಪುಟ್ಟಿ, ಶಿಫ್ಟು ಬದಲಾಯಿಸಿಕೊಂಡು ಬಂದಿದ್ದರು. ಮಗಳು ಮುಂದೆ. ನನ್ನ ಕೋಣೆಯನ್ನು ದಾಟಿ ಪಕ್ಕದ ಕೋಣೆಯ ಮುಂದೆ ನಿಂತು, "ಅಕ್ಕೋರೆ, ಹೊರಗೆ ಬರ್ರಿ" ಎಂದು ಕೂಗಿದೆ. ನಾನು ಆಕೆಯನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಅಂಗಳದ ಹೆಂಗಸರೆಲ್ಲ ಸುತ್ತ ಸೇರಿದರು.

ಹಲಗೆ ಹಾಕಿದೆವು, ಮರಳು ಹ‍ರಡಿದೆವು. ತಟ್ಟೆಯನ್ನು ಅವಳ ಮುಂದಿಟ್ಟು ನಮಸ್ಕಾರ ಮಾಡಿದೆ. ಆಕೆ ಮಗಳ ಹಿಂದೆ ಕೂತು ಬಲಗೈ ಚಾಚಿದಳು.

"ಆ ಕೈ ಬ್ಯಾಡ" ಎಂದೆ, ಗೇಟಿನವರೆಗೆ ಕೇಳುವಷ್ಟು ಗಟ್ಟಿಯಾಗಿ. "ಬರೆಯೋ ಕೈಲಿ ಬರೆಸ್ರಿ."

ಅವಳು ಎದ್ದು ಜಾಗ ಬದಲಾಯಿಸಿ ಮಗಳ ಬಲಕ್ಕೆ ಬಂದು ಕೂತಳು. ಅಲ್ಲಿ ಕೂತರೆ ಅವಳ ಎಡಗೈ ನನ್ನ ಮಗಳ ಬಲಗೈ ಮೇಲೆ ತಾನಾಗಿಯೇ ಬಂದು ಕೂರುತ್ತಿತ್ತು. ನಾನು ಹಿಂದೆ ಕೂತು ಬರೆಸುವಾಗ ಮಕ್ಕಳ ಕುತ್ತಿಗೆ ನನ್ನ ಗಲ್ಲದ ಕೆಳಗೆ ಸಿಕ್ಕಿಕೊಂಡು ಬಗ್ಗಿರುತ್ತಿತ್ತು. ಇಲ್ಲಿ ಮಗು ನೆಟ್ಟಗೆ ಕೂತು ತನ್ನ ಬೆರಳು ಹೋಗುವುದನ್ನು ತಾನೇ ನೋಡುತ್ತಿತ್ತು. ಓಂಕಾರ ಒಂದೇ ಸುತ್ತಿಗೆ ಬಂತು.

ಕೊಕ್ಕನೂರಿನ ಅಜ್ಜಿ ಜನರನ್ನು ತಳ್ಳಿಕೊಂಡು ಬಂದು ಬಗ್ಗಿ ಮರಳನ್ನು ನೋಡಿದಳು. ನನ್ನನ್ನು ನೋಡಿದಳು. ನನ್ನ ರೇಷ್ಮೆ ಸೀರೆಯನ್ನೂ ನೋಡಿದಳು.

"ಅಲ್ಲ ಅಕ್ಕೋರೆ, ಹೊಟ್ಟೇಲಿ ಹುಟ್ಟಿದ ಕೂಸನ್ನೇ ಕೊಟ್ರೇನು?"

"ಕೊಟ್ಟೆ."

ಅವಳು ಸ್ವಲ್ಪ ಹೊತ್ತು ಬಾಯೊಳಗೇ ಏನೋ ಲೆಕ್ಕ ಹಾಕಿದಳು. "ನಮ್ಮ ಕೂಸಿಗೆ ನೀವು ಬರೆಸಿ ಆಗೈತೆ. ಇನ್ನೊಂದು ಸಲ ಬರೆಸಿದ್ರೆ ನಡೀತೈತೇನು?"

"ಅದೇನು ಮದುವೆ ಏನಜ್ಜಿ, ಒಂದೇ ಸಲ ಅನ್ನೋಕೆ?" ಎಂದೆ. ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಮೊಮ್ಮಗಳು ಅಜ್ಜಿಯ ಕೈ ಕೊಸರಿಕೊಂಡು ಹೋಗಿ ಆಗಲೇ ಹಲಗೆಯ ಮುಂದೆ ಕೂತಾಗಿತ್ತು.

ಎಲ್ಲರೂ ಬರಲಿಲ್ಲ. ಮೂರ್ನಾಲ್ಕು ಮನೆಯವರು ಕೊನೆಯವರೆಗೂ ಎಡಗೈ ಎಡಗೈಯೇ ಎಂದರು, ಬೇರೆ ಶಾಲೆಗೆ ಹಾಕಿದರು. ಉಳಿದವರು ಬಂದರು, ಉದುರಿಹೋದ ಮಕ್ಕಳೂ ಬಂದವು. ಸ್ವಲ್ಪ ದಿನ ಎರಡು ಸೆಕ್ಷನ್ನೂ ನಡೆದವು. ನಾನು ಬಾಗಿಲು ತೆರೆದಿಟ್ಟು ಪಾಠ ಮಾಡಿ ನೋಡಿದೆ, ಬೋರ್ಡಿನ ಮುಂದೆ ಓರೆಯಾಗಿ ನಿಂತು ಬರೆದು ನೋಡಿದೆ, ಕತ್ತು ಹಿಡಿದುಕೊಂಡಿತು. ಬಿಟ್ಟುಕೊಡಲಿಲ್ಲ, ನನಗೆ ಗೊತ್ತಿದ್ದುದನ್ನೆಲ್ಲ ಮಾಡಿದೆ. ಜೂನ್ ಮುಗಿದಾಗ ಹೆಡ್‌ಮೇಷ್ಟ್ರು ಎರಡೂ ಹಾಜರಿ ಪುಸ್ತಕಗಳನ್ನು ಮುಂದಿಟ್ಟುಕೊಂಡು ನನ್ನನ್ನು ಕರೆಸಿದರು. ಅವರು ಬಾಯಿ ತೆರೆಯುವ ಮೊದಲೇ, "ಮೂರನೇ ಕ್ಲಾಸಿನ ಬೀಗದ ಕೈ ಕೊಡ್ರಿ" ಎಂದೆ.

ಮೂರನೇ ಕ್ಲಾಸಿನ ಮಕ್ಕಳು ಅಳುವುದಿಲ್ಲ. ತಟ್ಟೆ ಹಿಡಿದು ಬರುವವರಿಲ್ಲ, ಮಂಡಕ್ಕಿ ಹಂಚುವುದಿಲ್ಲ. ಮಗ್ಗಿ, ಕಾಗುಣಿತ, ಕಳೆಯುವ ಲೆಕ್ಕ. ಎರಡು ಗೋಡೆಯಾಚೆಯಿಂದ ಒಂದನೇ ಕ್ಲಾಸಿನ ಹಾಡು ಕೇಳಿಸಿದಾಗ ನಾನು ಮಗ್ಗಿಯನ್ನು ಸ್ವಲ್ಪ ಗಟ್ಟಿಯಾಗಿ ಹೇಳಿಸುತ್ತಿದ್ದೆ.

ಒಂದು ಸಂಜೆ ಮಗಳು ಪಡಸಾಲೆಯಲ್ಲಿ ಬೋರಲು ಮಲಗಿ ಸ್ಲೇಟಿನ ಮೇಲೆ 'ಗ' ಬರೆಯುತ್ತಿದ್ದಳು. ಪಕ್ಕದಲ್ಲಿ ಕೂತು ನೋಡಿದೆ. ಚೆನ್ನಾಗಿತ್ತು, ಆದರೂ ಬಾಲ ಸ್ವಲ್ಪ ಎಳೆದಿತ್ತು. ಇಷ್ಟು ವರ್ಷದ ಅಭ್ಯಾಸ, ನನಗೆ ಗೊತ್ತಿಲ್ಲದ ಹಾಗೆ ಕೈ ಮುಂದೆ ಹೋಗಿ ಅವಳ ಬೆರಳು ಹಿಡಿಯಿತು. ಅವಳು ನಿಧಾನಕ್ಕೆ ಬೆರಳು ಬಿಡಿಸಿಕೊಂಡು ಸ್ಲೇಟನ್ನು ಆ ಕಡೆ ಸರಿಸಿಕೊಂಡಳು.

"ನೀನು ಮುಟ್ಟಬ್ಯಾಡವ್ವ" ಎಂದಳು, ನನಗೆ ಬೇಜಾರಾಗಬಾರದೆಂಬ ದನಿಯಲ್ಲಿ. "ನೀನು ಮೂರನೇ ಕ್ಲಾಸಿನಾಕಿ."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಅವಳು ಬಾಲ ಅಳಿಸಿ, ತಾನೇ ಸರಿಮಾಡಿ ಬರೆದಳು.